ನೆಲದ ಟೈಲ್ಸ್ ದುರಸ್ತಿಯಲ್ಲಿ ಗುತ್ತಿಗೆದಾರನ ಹೊಣೆಗಾರಿಕೆ

ನೆಲದ ಟೈಲ್ಸ್ ದುರಸ್ತಿಯಲ್ಲಿ ಗುತ್ತಿಗೆದಾರನ ಹೊಣೆಗಾರಿಕೆ ಎಂದರೆ, ಮನೆಯ ಹಳೆಯ ಟೈಲ್ಸ್‌ಗಳನ್ನು ತೆಗೆದು ಹೊಸದಾಗಿ ಕೂರಿಸುವಾಗ ಉಂಟಾದ ಹಾನಿಯನ್ನು ಸರಿಪಡಿಸುವ ಅಥವಾ ಅದಕ್ಕೆ ಪರಿಹಾರ ನೀಡುವ ಕಾನೂನುಬದ್ಧ ಬಾಧ್ಯತೆ. ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆ ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗಳು ಇದಕ್ಕೆ ಮುಖ್ಯ ಆಧಾರಗಳಾಗಿವೆ.

ಹಾನಿಯ ಸ್ವರೂಪ

ಒಡೆದ ಟೈಲನ್ನು ಕೀಳುವಾಗ ಪಕ್ಕದ ಟೈಲ್ಸ್ ಬಿರುಕು ಬಿಡುವುದು, ನೆಲದಡಿಯ ನೀರಿನ ಪೈಪು ಅಥವಾ ವಿದ್ಯುತ್ ತಂತಿಗೆ ಪೆಟ್ಟು ಬೀಳುವುದು ಸಾಮಾನ್ಯ. ಬಚ್ಚಲುಮನೆಯ ನೆಲದಲ್ಲಿರುವ ನೀರುನಿರೋಧಕ ಪದರ ಹಾಳಾದರೆ ಕೆಳಗಿನ ಅಂತಸ್ತಿಗೆ ನೀರು ಜಿನುಗುತ್ತದೆ. ಈ ದೋಷ ಕೆಲಸ ಮುಗಿದ ಎಷ್ಟೋ ದಿನಗಳ ನಂತರ ಕಾಣಿಸಿಕೊಳ್ಳಬಹುದು. ಅಡಿಯಲ್ಲಿ ಗಾರೆ ಸರಿಯಾಗಿ ತುಂಬದ ಟೈಲನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ.

ಕಾನೂನಿನ ಆಧಾರ

ಒಪ್ಪಂದ ಕಾಯ್ದೆಯ 73ನೇ ಕಲಮಿನ ಪ್ರಕಾರ, ಒಪ್ಪಂದದ ಉಲ್ಲಂಘನೆಯಿಂದ ಸಹಜವಾಗಿ ಉಂಟಾದ ನಷ್ಟಕ್ಕೆ ಪರಿಹಾರ ದೊರೆಯುತ್ತದೆ. ದೂರದ ಮತ್ತು ಪರೋಕ್ಷ ನಷ್ಟಕ್ಕೆ ದೊರೆಯುವುದಿಲ್ಲ. ನಷ್ಟವನ್ನು ತಗ್ಗಿಸಲು ಮನೆಯವರಿಗಿದ್ದ ಅವಕಾಶವನ್ನೂ ಪರಿಗಣಿಸಲಾಗುತ್ತದೆ. ಪೈಪು ಸೋರುತ್ತಿರುವುದನ್ನು ಕಂಡೂ ನೀರು ನಿಲ್ಲಿಸದಿದ್ದರೆ ಪರಿಹಾರ ಕಡಿಮೆಯಾಗಬಹುದು.

ಮನೆ ನಿರ್ಮಾಣವು ಗ್ರಾಹಕ ಕಾನೂನಿನಡಿ ‘ಸೇವೆ’ ಎಂದು ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪು ನೀಡಿತು. ಹಣ ಪಡೆದು ಮಾಡಿದ ಕೆಲಸದ ಗುಣಮಟ್ಟದಲ್ಲಿನ ಕೊರತೆಯನ್ನು 2019ರ ಕಾಯ್ದೆಯು ‘ಸೇವಾ ನ್ಯೂನತೆ’ ಎಂದು ಪರಿಗಣಿಸುತ್ತದೆ.

ಗುತ್ತಿಗೆ ಮತ್ತು ದಿನಗೂಲಿ

ಕೆಲಸವನ್ನು ಯಾವ ರೀತಿಯಲ್ಲಿ ಒಪ್ಪಿಸಲಾಗಿತ್ತು ಎಂಬುದು ನಿರ್ಣಾಯಕವಾಗುತ್ತದೆ. ಮೇಸ್ತ್ರಿಯು ಇಡೀ ಕೆಲಸವನ್ನು ಗುತ್ತಿಗೆಗೆ ಪಡೆದು ತನ್ನ ಆಳುಗಳಿಂದ ಮಾಡಿಸಿದರೆ, ಆ ಆಳುಗಳ ಅಜಾಗರೂಕತೆಗೂ ಸಾಮಾನ್ಯವಾಗಿ ಆತನೇ ಹೊಣೆ. ಮನೆಯವರೇ ಸಾಮಗ್ರಿ ತಂದು, ದಿನಗೂಲಿ ಕೊಟ್ಟು, ಪ್ರತಿ ಹಂತದಲ್ಲೂ ತಾವೇ ನಿರ್ದೇಶಿಸಿ ಮಾಡಿಸಿದ ಕೆಲಸವನ್ನು ‘ವೈಯಕ್ತಿಕ ಸೇವೆಯ ಒಪ್ಪಂದ’ ಎಂದು ವಾದಿಸಲು ಅವಕಾಶವಿದೆ. ಅಂತಹ ಒಪ್ಪಂದವು ಗ್ರಾಹಕ ಕಾಯ್ದೆಯ ವ್ಯಾಪ್ತಿಯಿಂದ ಹೊರಗಿದೆ. ಗ್ರಾಮೀಣ ಪ್ರದೇಶಗಳಲ್ಲಿ ಬಾಯಿಮಾತಿನ ಒಪ್ಪಂದವೇ ರೂಢಿಯಲ್ಲಿರುವುದರಿಂದ ಈ ವ್ಯತ್ಯಾಸವನ್ನು ಸಾಬೀತುಪಡಿಸುವುದು ಕಷ್ಟ. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನ ಮಾನ್ಯತೆಯಿದೆ. ಆದರೆ ಅದರ ಷರತ್ತುಗಳನ್ನು ರುಜುವಾತುಪಡಿಸುವ ಹೊರೆ ದೂರುದಾರರ ಮೇಲಿರುತ್ತದೆ.

ದೂರು ಸಲ್ಲಿಕೆ

ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಉದಾಹರಣೆಗೆ, ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದ ನಿವಾಸಿಗಳು ಚಿತ್ರದುರ್ಗದ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ, ಗುತ್ತಿಗೆದಾರನು ಬೇರೆ ಜಿಲ್ಲೆಯವನಾಗಿದ್ದರೂ, ದೂರು ಸಲ್ಲಿಸಬಹುದು. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ನೀಡಬೇಕು. ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಗ್ರಾಹಕ ಕಾಯ್ದೆಗೆ ಒಳಪಡದ ಪ್ರಕರಣಗಳಲ್ಲಿ ಸಿವಿಲ್ ನ್ಯಾಯಾಲಯದ ಮೊರೆಹೋಗಬಹುದು.

ಪುರಾವೆಗಳು

ಕೆಲಸಕ್ಕೆ ಮುಂಚಿನ ಹಾಗೂ ನಂತರದ ಛಾಯಾಚಿತ್ರಗಳು, ಹಣ ಪಾವತಿಯ ದಾಖಲೆ, ಮೊಬೈಲ್ ಸಂದೇಶಗಳು ಮತ್ತು ಇನ್ನೊಬ್ಬ ತಜ್ಞರು ಬರೆದುಕೊಟ್ಟ ದುರಸ್ತಿ ವೆಚ್ಚದ ಅಂದಾಜು ಮುಖ್ಯ ಪುರಾವೆಗಳಾಗುತ್ತವೆ. ಹಾನಿಯಾದ ಭಾಗವನ್ನು ದಾಖಲಿಸಿಕೊಳ್ಳದೆ ಬೇರೊಬ್ಬರಿಂದ ದುರಸ್ತಿ ಮಾಡಿಸಿದರೆ, ಮೂಲ ದೋಷ ಯಾರದೆಂದು ತೋರಿಸುವುದು ಕಠಿಣವಾಗುತ್ತದೆ.