ಮರುಭೂಮಿಯ ಧೂಳು ಮತ್ತು ಸಾಗರವರ್ಣ ಮಾಪನ

ಸಹಾರಾದ ಧೂಳು ಅಟ್ಲಾಂಟಿಕ್ ಸಾಗರದ ಮೇಲೆ ಬೀಳುವ ಸಂಗತಿ ಹಡಗಿನವರಿಗೆ ಬಹುಕಾಲದಿಂದ ಗೊತ್ತಿತ್ತು. 1832ರ ಜನವರಿಯಲ್ಲಿ ಬೀಗಲ್ ಹಡಗು ಕೇಪ್ ವರ್ಡ್ ದ್ವೀಪಗಳನ್ನು ಸಮೀಪಿಸಿದಾಗ, ಕಂಬದ ತುದಿಯ ಗಾಳಿಸೂಚಿಯ ಜಾಳು ಬಟ್ಟೆಯಲ್ಲಿ ಸಿಕ್ಕಿಕೊಂಡಿದ್ದ ಕಂದು ಧೂಳನ್ನು ಚಾರ್ಲ್ಸ್ ಡಾರ್ವಿನ್ ಪೊಟ್ಟಣ ಕಟ್ಟಿಟ್ಟುಕೊಂಡರು. 1846ರಲ್ಲಿ ಅದರ ಮೇಲೊಂದು ಪ್ರಬಂಧವನ್ನೂ ಪ್ರಕಟಿಸಿದರು. ಇದೇ ಧೂಳು ಅಳತೆಯ ತೊಡಕಾದದ್ದು 1978ರಲ್ಲಿ ನಿಂಬಸ್-7 ಉಪಗ್ರಹ ಮೊದಲ ಸಾಗರವರ್ಣ ಸಂವೇದಕವನ್ನು ಹೊತ್ತು ಮೇಲೇರಿದ ನಂತರ. ಕಡಲಿನ ಮೇಲಿಂದ ಉಪಗ್ರಹವನ್ನು ತಲುಪುವ ಬೆಳಕಿನಲ್ಲಿ ನೀರಿನೊಳಗಿಂದ ಬಂದದ್ದು ಹೆಚ್ಚೆಂದರೆ ಸುಮಾರು ಶೇ. 10, ಉಳಿದದ್ದು ಮುಖ್ಯವಾಗಿ ವಾತಾವರಣದ್ದು. ಹಾಗಾಗಿ ಬಣ್ಣ ಓದುವ ಮೊದಲು ಗಾಳಿಯ ಪಾಲನ್ನು ಕಳೆಯಬೇಕು. ಹೋವರ್ಡ್ ಗಾರ್ಡನ್ ಮತ್ತು ಮೆಂಗ್‌ಹುವಾ ವಾಂಗ್ 1994ರಲ್ಲಿ ಕೊಟ್ಟ ವಿಧಾನ ಇದಕ್ಕೆ ಮಾದರಿಯಾಯಿತು. ತೆರೆದ ಕಡಲಿನ ನೀರು 765 ಮತ್ತು 865 ನ್ಯಾನೋಮೀಟರ್ ಅಲೆಯುದ್ದಗಳಲ್ಲಿ ಹೆಚ್ಚುಕಡಿಮೆ ಕಪ್ಪು. ಅಲ್ಲಿ ಕಂಡ ಬೆಳಕು ಗಾಳಿಯದೇ ಎಂದು ಹಿಡಿದು, ನೀಲಿಯಲ್ಲಿ ಗಾಳಿಯ ಪಾಲೆಷ್ಟೆಂದು ಲೆಕ್ಕ ಹಾಕುತ್ತಾರೆ. ಧೂಳು ಈ ಲೆಕ್ಕವನ್ನು ಕೆಡಿಸುತ್ತದೆ. ಅದರಲ್ಲಿರುವ ಕಬ್ಬಿಣದ ಆಕ್ಸೈಡುಗಳು ನೀಲಿ ಬೆಳಕನ್ನು ಹೀರುತ್ತವೆ, ಆದರೆ ಆ ಎರಡು ಅಲೆಯುದ್ದಗಳಲ್ಲಿ ಅದರ ಸುಳಿವೇ ಸಿಗುವುದಿಲ್ಲ. ಹಾಗಾಗಿ ಗಾಳಿಯ ಪಾಲೆಂದು ಇರುವುದಕ್ಕಿಂತ ಹೆಚ್ಚು ನೀಲಿಯನ್ನು ಕಳೆದಂತಾಗುತ್ತದೆ. ಕೆಲವೊಮ್ಮೆ ಕಡಲು ಸೊನ್ನೆಗಿಂತ ಕಡಿಮೆ ಬೆಳಕು ಬೀರುತ್ತಿದೆಯೆಂಬ ಅಸಂಬದ್ಧ ಉತ್ತರವೂ ಬರುತ್ತದೆ. ಕಡಲಿನ ಸೂಕ್ಷ್ಮ ಸಸ್ಯಗಳಾದ ಸಸ್ಯಪ್ಲವಕಗಳ ಹಸಿರು ವರ್ಣಕ ಕ್ಲೋರೊಫಿಲ್ ಕೂಡ ನೀಲಿಯನ್ನೇ ಹೀರುವುದರಿಂದ, ನೀಲಿ ಕುಗ್ಗಿದ್ದನ್ನು ಗಣಕ ಸೂತ್ರ ಕ್ಲೋರೊಫಿಲ್ ಹೆಚ್ಚಿದೆಯೆಂದೇ ಓದುತ್ತದೆ.

ಧೂಳು ಕಬ್ಬಿಣವನ್ನು ಹೊತ್ತು ತಂದು ಸಸ್ಯಪ್ಲವಕಗಳನ್ನು ನಿಜಕ್ಕೂ ಬೆಳೆಸಬಹುದಲ್ಲ ಎಂಬ ಆಕ್ಷೇಪ ಇಲ್ಲಿ ಸಹಜ. 1990ರಲ್ಲಿ ಸಾಗರವಿಜ್ಞಾನಿ ಜಾನ್ ಮಾರ್ಟಿನ್ ಬಲವಾಗಿ ಮಂಡಿಸಿದ ಈ ಕಬ್ಬಿಣದ ವಾದವನ್ನು ತಳ್ಳಿಹಾಕಲಾಗದು. ಆದರೆ ಅಪಾಯವಿರುವುದೂ ಅಲ್ಲೇ: ಉಪಕರಣದ ತಪ್ಪೂ ಪ್ರಕೃತಿಯ ಸತ್ಯವೂ ಒಂದೇ ದಿಕ್ಕಿಗೆ ಕೈತೋರುತ್ತವೆ, ತಪ್ಪೇ ಸಾಕ್ಷಿಯಾಗಿ ನಿಲ್ಲಬಹುದು. ಧೂಳು ಕವಿದ ದಿನಗಳನ್ನು ಕೈಬಿಟ್ಟರಾಯಿತಲ್ಲ ಎಂಬುದು ಇನ್ನೊಂದು ವಾದ. ಹಾಗೆ ಮಾಡಿದರೆ ಪರೀಕ್ಷಿಸಬೇಕಾದ ದಿನಗಳೇ ದಾಖಲೆಯಿಂದ ಹೊರಬೀಳುತ್ತವೆ. ತೆಳು ಧೂಳಂತೂ ಜರಡಿಗೆ ಸಿಗದೆ ಒಳಗೇ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯ ದಾರಿಯನ್ನು 2001ರಲ್ಲಿ ಸಿರಿಲ್ ಮೂಲಾಂ, ಗಾರ್ಡನ್ ಮತ್ತಿತರರು ತೋರಿಸಿದರು: ಸಹಾರಾ ಧೂಳಿಗೆಂದೇ ರೂಪಿಸಿದ ಮಾದರಿಗಳನ್ನು ಬಳಸಿದರೆ ದಟ್ಟ ಪದರದ ಮೂಲಕವೂ ಆಫ್ರಿಕಾದ ಪಶ್ಚಿಮ ಕಡಲನ್ನು ಓದಬಹುದು. ತೊಡಕು ಅಲ್ಲಿಗೂ ಮುಗಿಯದು, ಏಕೆಂದರೆ ಪದರ ಎಷ್ಟು ಎತ್ತರದಲ್ಲಿದೆ ಎಂಬುದರ ಮೇಲೂ ನೀಲಿಯ ನಷ್ಟ ಬದಲಾಗುತ್ತದೆ.

ಅರೇಬಿಯಾದ ಧೂಳು ಬೀಳುವ ಅರಬ್ಬೀ ಸಮುದ್ರಕ್ಕೂ ಈ ಮಾತು ಸಲ್ಲುತ್ತದೆ. ಇಸ್ರೊ 1999ರಲ್ಲಿ ಹಾರಿಸಿದ ಓಷನ್‌ಸ್ಯಾಟ್-1 ಸಾಗರವರ್ಣ ಸಂವೇದಕವನ್ನು ಹೊತ್ತಿತ್ತು; ಕರ್ನಾಟಕದ ಮೀನುಗಾರರಿಗೂ ತಲುಪುವ ಮೀನು ಸಿಗುವ ತಾಣಗಳ ಮುನ್ಸೂಚನೆಗೆ ಕ್ಲೋರೊಫಿಲ್ ನಕ್ಷೆಯೂ ಒಂದು ಆಧಾರ. 2024ರ ಫೆಬ್ರವರಿಯಲ್ಲಿ ಕಕ್ಷೆ ಸೇರಿದ ನಾಸಾದ ಪೇಸ್ ಉಪಗ್ರಹ ನೇರಳಾತೀತದಿಂದಲೇ ಅಳತೆ ಆರಂಭಿಸುತ್ತದೆ. ಧೂಳನ್ನು ಗುರುತಿಸಲು ನೆರವಾಗುವ ಎರಡು ಧ್ರುವೀಕರಣ ಮಾಪಕಗಳೂ ಅದರಲ್ಲಿವೆ. ಆದರೂ ಧೂಳಿನಡಿ ಕಂಡ ಹಸಿರನ್ನು ನೀರಿನ ಮಾದರಿ ಇಲ್ಲವೇ ತೇಲು ಮಾಪಕ ದೃಢಪಡಿಸುವವರೆಗೆ ಪ್ಲವಕಗಳ ಬೆಳವಣಿಗೆ ಎಂದು ದಾಖಲಿಸುವುದು ಸಲ್ಲದು.