ಸಬ್‌ಟೈಟಲ್ ಸಹಿತ ವಿಡಿಯೊ ಪರಿವರ್ತನೆ

ವಿಡಿಯೊ ಕಡತವನ್ನು ಅದರ ಸಬ್‌ಟೈಟಲ್ ಸಮೇತ ಮೊಬೈಲ್, ಟ್ಯಾಬ್ಲೆಟ್‌ಗಳಲ್ಲಿ ಓಡುವ ರೂಪಕ್ಕೆ ತರುವ ಕ್ರಿಯೆ. ಸಾಮಾನ್ಯವಾಗಿ ಎಂಕೆವಿ ಕಡತವನ್ನು ಎಂಪಿ4 ಮಾಡಿ, ಚಿತ್ರವನ್ನು 2003ರ ಎಚ್.264 ಮಾನಕದಲ್ಲಿ ಕುಗ್ಗಿಸುತ್ತಾರೆ. ಹ್ಯಾಂಡ್‌ಬ್ರೇಕ್, ಎಫ್‌ಎಫ್‌ಎಂಪೆಗ್ ಇದಕ್ಕೆ ಒದಗುವ ಉಚಿತ ತಂತ್ರಾಂಶಗಳು.

ವಿಧಾನ: ಸಬ್‌ಟೈಟಲನ್ನು ಪ್ರತ್ಯೇಕ ಪಠ್ಯವಾಗಿ ಕಡತದೊಳಗೆ ಇಟ್ಟರೆ ಬೇಕೆಂದಾಗ ತೋರಿಸಬಹುದು, ಬೇಡವೆಂದಾಗ ಮರೆಮಾಡಬಹುದು. ಚಿತ್ರದ ಮೇಲೆಯೇ ಅಚ್ಚೊತ್ತಿದರೆ ಎಲ್ಲ ಸಾಧನಗಳಲ್ಲೂ ಕಾಣುತ್ತದೆ, ಆದರೆ ಮತ್ತೆ ತೆಗೆಯಲಾಗದು.

ಕನ್ನಡ ಲಿಪಿ: ಸಬ್‌ಟೈಟಲ್ ಪಠ್ಯವನ್ನು ಹೊಂದಿರುವ ಎಸ್‌ಆರ್‌ಟಿ ಕಡತದಲ್ಲಿ ಪ್ರತಿ ಸಬ್‌ಟೈಟಲ್‌ಗೂ ಕ್ರಮಸಂಖ್ಯೆ, ಆರಂಭ ಮತ್ತು ಅಂತ್ಯದ ಸಮಯ ಇರುತ್ತವೆ. ಅದನ್ನು ಯುಟಿಎಫ್-8 ಎನ್‌ಕೋಡಿಂಗ್‌ನಲ್ಲಿ ಉಳಿಸಬೇಕು. ಯುನಿಕೋಡ್ ಅಲ್ಲದ ಹಳೆಯ ‘ನುಡಿ’ ಫಾಂಟಿನ ಪಠ್ಯವನ್ನು ಮೊದಲು ಯುನಿಕೋಡ್‌ಗೆ ಬದಲಿಸಬೇಕು. ಅಕ್ಷರಜೋಡಣೆ ಅರಿಯದ ಪ್ಲೇಯರ್‌ನಲ್ಲಿ ‘ಸ್ತ್ರೀ’ ಒಡೆದು, ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ. ಅಂಥಲ್ಲಿ ನೋಟೊ ಸಾನ್ಸ್ ಕನ್ನಡದಂಥ ಫಾಂಟಿನಲ್ಲಿ ಅಚ್ಚೊತ್ತುವುದೇ ಕ್ಷೇಮ.

ಪೂರ್ವ ಬೆಂಗಳೂರಿನಲ್ಲಿ ಬಳಕೆ: ಕನ್ನಡ, ತಮಿಳು, ಉರ್ದು, ತೆಲುಗು ಬೆರೆತ ಶಿವಾಜಿನಗರ, ಹಲಸೂರುಗಳಲ್ಲಿ ನೆರೆಯವರ ಭಾಷೆಯ ಚಿತ್ರ ಸವಿಯಲು ಸಬ್‌ಟೈಟಲ್ ನೆರವಾಗುತ್ತದೆ. ಇಂದಿರಾನಗರದ ಮೂಲಕ ಹಾಯುವ ನಮ್ಮ ಮೆಟ್ರೊದ ಗದ್ದಲದ ಪ್ರಯಾಣದಲ್ಲಿ ಮಾತು ಕೇಳಿಸದಿದ್ದರೂ ಓದಿ ತಿಳಿಯಬಹುದು. ಕಿವಿ ಕೇಳಿಸದವರಿಗಂತೂ ಸ್ಪಷ್ಟ ಕನ್ನಡ ಸಬ್‌ಟೈಟಲ್ ಅತ್ಯಗತ್ಯ.