ದಡ್ಡ ಅಧಿಕಾರಿಯ ತೋಟ

ಚೀನಾದ ಸುಝೌ ನಗರದಲ್ಲಿ ಸುಮಾರು 13 ಎಕರೆಯ ಒಂದು ಹಳೆಯ ತೋಟವಿದೆ. ಹೆಸರು ಜುವೊಝೆಂಗ್ ಯುವಾನ್. ಕನ್ನಡದಲ್ಲಿ ಹೇಳಬೇಕೆಂದರೆ ‘ದಡ್ಡ ಅಧಿಕಾರಿಯ ತೋಟ’. ಆಗದವರು ಇಟ್ಟ ಹೆಸರಲ್ಲ ಇದು, ಯಜಮಾನನೇ ಇಟ್ಟುಕೊಂಡದ್ದು.

ಅವನು ವಾಂಗ್ ಶಿಯಾನ್‌ಚೆನ್, ಮಿಂಗ್ ದೊರೆಗಳ ಕಾಲದವನು. ಬೇರೆ ಅಧಿಕಾರಿಗಳ ತಪ್ಪು ಹಿಡಿದು ವರದಿ ಮಾಡುವುದು ಅವನ ಕೆಲಸವಾಗಿತ್ತು. ಅಂಥವನಿಗೆ ಶತ್ರುಗಳಿಗೇನು ಬರ? ಜೈಲಿಗೆ ಹಾಕಿಸಿದರು, ಹೊಡೆಸಿದರು, ದೂರದ ಸಣ್ಣ ಹುದ್ದೆಗೆ ತಳ್ಳಿದರು. ಸಾಕಪ್ಪಾ ಎಂದು ಸುಝೌಗೆ ಬಂದವನು 1509ರ ಸುಮಾರಿಗೆ ನೀರು ನಿಲ್ಲುವ ಜಾಗದಲ್ಲಿ ತೋಟ ಶುರು ಮಾಡಿದ. ಹೆಸರು ಸಿಕ್ಕಿದ್ದು ಪಾನ್ ಯುಎ ಎಂಬ ಪುರಾತನ ಕವಿಯ ಬರಹದಲ್ಲಿ. ಗಿಡಕ್ಕೆ ನೀರು ಹಾಯಿಸಿ, ತರಕಾರಿ ಮಾರಿ ಬದುಕುವುದೇ ದಡ್ಡನ ಪಾಲಿನ ಆಡಳಿತ ಎಂಬ ಅರ್ಥದ ಮಾತು ಅಲ್ಲಿದೆ. ಹಾಗೆ ಬರೆದ ಪಾನ್ ಯುಎ ಮಾತ್ರ ಅಧಿಕಾರದ ಸಹವಾಸ ಬಿಡಲಿಲ್ಲ. ಕ್ರಿ.ಶ. 300ರಲ್ಲಿ ರಾಜಕೀಯದ ಜಗಳದಲ್ಲೇ ತಲೆ ಕಳೆದುಕೊಂಡ.

ವಾಂಗ್‌ನ ಗೆಳೆಯ ವೆನ್ ಝೆಂಗ್‌ಮಿಂಗ್ ದೊಡ್ಡ ಚಿತ್ರಗಾರ. 1533ರಲ್ಲಿ ಈ ತೋಟದ 31 ನೋಟಗಳನ್ನು ಚಿತ್ರಿಸಿ, ಒಂದೊಂದಕ್ಕೂ ಒಂದು ಪದ್ಯ ಬರೆದ. ಅವುಗಳಲ್ಲಿ ಕಾಣುವುದು ನೀರು, ಬಿದಿರು, ಹಣ್ಣಿನ ಮರ, ಅಲ್ಲೊಂದು ಇಲ್ಲೊಂದು ಪುಟ್ಟ ಮನೆ. ಆಡಂಬರ ಏನೂ ಇಲ್ಲ.

ವಾಂಗ್ ಸತ್ತ ಮೇಲೆ ಮಗ ಒಂದೇ ರಾತ್ರಿ ಜೂಜಾಡಿ ಇಡೀ ತೋಟವನ್ನು ಶು ಮನೆತನಕ್ಕೆ ಸೋತನಂತೆ. ಅಪ್ಪ ವರ್ಷಗಟ್ಟಲೆ ಕೂತು ಬೆಳೆಸಿದ್ದು! ಇಂಥ ಕಥೆ ಅರ್ಥವಾಗಲು ಚೀನಾ ನೋಡಿರಬೇಕಾಗಿಲ್ಲ.

ಆಮೇಲೆ ತೋಟ ಕೈಯಿಂದ ಕೈಗೆ ಹೋಯಿತು, ಹೋಳಾಯಿತು. 1631ರಲ್ಲಿ ಪೂರ್ವದ ಭಾಗ ಬೇರೆಯವರ ಪಾಲಾಯಿತು. 1860ರಲ್ಲಿ ಸುಝೌ ಗೆದ್ದ ತೈಪಿಂಗ್ ಬಂಡಾಯದ ನಾಯಕ ಲಿ ಶಿಯುಚೆಂಗ್ ಇದನ್ನು ತನ್ನ ಅರಮನೆಗೆ ಸೇರಿಸಿಕೊಂಡ. ಬಂದವರೆಲ್ಲ ಕೆಡವಿದರು, ಕಟ್ಟಿದರು. ಹಾಗಾಗಿ ಈಗ ಇರುವುದು ಹೆಚ್ಚಾಗಿ ಚಿಂಗ್ ದೊರೆಗಳ ಕಾಲದ ರೂಪ. ಜನರಿಗೆ ತೆರೆದದ್ದು 1952ರಲ್ಲಿ, ಯುನೆಸ್ಕೋ ಪಟ್ಟಿಗೆ ಸೇರಿದ್ದು 1997ರಲ್ಲಿ.

ಹಾಗಂತ ಈಗಿನ ತೋಟ ಚೆಂದವಿಲ್ಲ ಅಂತಲ್ಲ. ನಟ್ಟನಡುವೆ ನೀರು, ಸುತ್ತ ಮಂಟಪಗಳು. ದಾರಿ ನೇರ ಹೋಗುವುದೇ ಇಲ್ಲ. ಪ್ರತಿ ತಿರುವಿಗೂ ನೋಟ ಬದಲು. ಕೊಳದ ಪೂರ್ವ ತುದಿಯಲ್ಲಿ ನಿಂತರೆ ಮರಗಳ ಮೇಲೆ ಒಂದು ಎತ್ತರದ ಗೋಪುರ ಕಾಣುತ್ತದೆ. ಅದು ತೋಟದ್ದಲ್ಲ, ಊರಿನ ಬೇರೆ ಕಡೆ ಇರುವ ಬೌದ್ಧ ದೇಗುಲದ್ದು. ದೂರದ ನೋಟವನ್ನು ಹೀಗೆ ಒಳಗೆ ಸೇರಿಸಿಕೊಳ್ಳುವುದಕ್ಕೆ ಅವರು ‘ನೋಟ ಕಡ ತರುವುದು’ ಅನ್ನುತ್ತಾರೆ. ಮಳೆಯ ಸದ್ದು ಕೇಳುವುದಕ್ಕೆಂದೇ ಒಂದು ಜಾಗವಿದೆ, ಪಕ್ಕದಲ್ಲಿ ಬಾಳೆಗಿಡಗಳು. ನಾವು ಊಟಕ್ಕೆ ಕೊಯ್ಯುವ ಎಲೆಯನ್ನು ಅವರು ಹನಿಯ ಸದ್ದಿಗಾಗಿ ಬೆಳೆಸಿದ್ದಾರೆ.

ವಾಂಗ್‌ನ ತೋಟ ನೋಡಬೇಕೆಂದರೆ ಮಾತ್ರ ಚಿತ್ರಗಳ ಹತ್ತಿರವೇ ಹೋಗಬೇಕು. ವೆನ್ 1551ರಲ್ಲಿ, ಎಂಬತ್ತು ದಾಟಿದ ಮೇಲೆ, ಅದೇ ತೋಟವನ್ನು ಮತ್ತೆ ಚಿತ್ರಿಸಿದ. ಅದರ ಎಂಟು ಹಾಳೆಗಳು ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂನಲ್ಲಿವೆ.